ಅಂಚಿನ ಸಹಿ

ಗಣಪತಿಗಳನ್ನು ಮುಳುಗಿಸಿ ಬಂದರೂ ಮಳೆ ನಿಂತಿರಲಿಲ್ಲ. ದೀಪಾವಳಿ ಪೂಜೆಗೆ ಬೇಕಾಗುವ ಲೆಕ್ಕದ ಪುಸ್ತಕಗಳ ಕೆಲಸ ಶುರುವಾಗಿತ್ತು. ಪುಣೆಯ ತನ್ನ ಬೈಂಡಿಂಗ್ ಅಂಗಡಿಯಲ್ಲಿ ಶಿವಪುತ್ರಪ್ಪ ಕಾಗದದ ಕಟ್ಟುಗಳನ್ನು ಕತ್ತರಿಸುವ ಯಂತ್ರಕ್ಕಿಟ್ಟು ಹಿಡಿಕೆ ಎಳೆಯುತ್ತಿದ್ದ. ಹೆಂಡತಿ ರಟ್ಟಿಗೆ ಅಂಟು ಹಚ್ಚುತ್ತಿದ್ದಳು. ಥಂಡಿಗೆ ಅಂಟು ಒಣಗುತ್ತಿರಲಿಲ್ಲ.

ಹಿಂದಿನ ದಿನ ಹೊಲಿದಿಟ್ಟಿದ್ದ ಬೇರೆ ಪುಸ್ತಕಗಳಿಗೆ ರಟ್ಟು ಹಾಕಲು ಅವಳು ಕೈಹಾಕಿದಳು. ಕೊನೆಯ ಹಾಳೆ ತಿರುವಿದವಳು ಇನ್ನೊಂದನ್ನು ತೆಗೆದಳು, ಮತ್ತೊಂದನ್ನು ತೆಗೆದಳು.

"ರೀ, ಇದರಾಗ ಸಹಿ ಎಲ್ಲಿ ಅದಾವ್ರೀ?"

ಶಿವಪುತ್ರಪ್ಪನ ಕೈ ಹಿಡಿಕೆಯ ಮೇಲೇ ನಿಂತಿತು.

ಅವು ಮೋಹನದಾಸರ ಕವಿತೆಗಳು. ಮಂಗಳೂರಿನ ಕಡೆಯಿಂದ ಬಂದು ಪುಣೆಯ ನಾಟಕಗಳಿಗೆಲ್ಲ ಸಂಗೀತ ಕೂಡಿಸಿದ ಮನುಷ್ಯ, ವಯಸ್ಸಾದ ಮೇಲೆ ಇದೊಂದೇ ಪುಸ್ತಕ ಬರೆದಿದ್ದರು. ಕೆಲವು ಹಾಳೆಗಳಲ್ಲಿ ಒಂದೇ ಅಕ್ಷರ, ಕೆಲವು ಪೂರಾ ಖಾಲಿ. ಸಾಲುಗಳು ಅಂಚಿನತ್ತ ಹೋಗುತ್ತ ಸಣ್ಣಗಾಗುತ್ತಿದ್ದವು. ಸ್ವರ ಆರುವ ಕಡೆಯಲ್ಲೇ ತಮ್ಮ ಹೆಸರಿರಬೇಕೆಂದು ಕೊನೆಯ ಹಾಳೆಯ ತುತ್ತತುದಿಗೆ ಸಹಿ ಮಾಡಿದ್ದರು. ಐವತ್ತೇ ಪ್ರತಿ. "ಅಂಚು ಮುಟ್ಟಬೇಡಿ ಮಾರಾಯರೆ," ಎಂದು ನಕ್ಕು ಹೇಳಿ ಹೋಗಿದ್ದರು. ಆಮೇಲೆ ಲಕವಾ ಹೊಡೆದು ಬಲಗೈ ಬಿದ್ದುಹೋಯಿತು. ಸಹಿ ಇರುತ್ತದೆಂದೇ ಜನ ಮುಂಗಡ ಕೊಟ್ಟಿದ್ದರು. ಅದು ಆಸ್ಪತ್ರೆಗೆ ಖರ್ಚಾಗಿತ್ತು.

ಲೆಕ್ಕದ ಪುಸ್ತಕದ ಮೂರೂ ಅಂಚು ನುಣ್ಣಗಿರಬೇಕು. ಜನ್ಮವಿಡೀ ಅದನ್ನೇ ಮಾಡಿದ ಕೈ, ಪಕ್ಕದಲ್ಲಿದ್ದ ಇವನ್ನೂ ಹಿಂದಿನ ದಿನವೇ ಎತ್ತಿಕೊಂಡು ಕತ್ತರಿಸಿಬಿಟ್ಟಿತ್ತು.

"ಚೂರು ಎಲ್ಲಿ ಅದಾವ?"

"ಮುಂಜಾನೆ ರದ್ದಿಯವ ಒಯ್ದನಲ್ರೀ!"

ರದ್ದಿ ಗೋದಾಮಿನಲ್ಲಿ ಚೀಲಗಳು ಸೋರುವ ತಗಡಿನ ಕೆಳಗಿದ್ದವು. ಶಿವಪುತ್ರಪ್ಪ ಒಂದೊಂದನ್ನೇ ಸುರಿದು ಕೆದಕಿದ. "ಕಾಯ್ ಶೋಧತಾ ಕಾಕಾ, ಸೋನಂ ಕಾ?" ಬಂಗಾರ ಹುಡುಕುತ್ತೀಯಾ ಎಂದು ಹಮಾಲರು ನಗಾಡಿದರು. ಸಂಜೆಗೆ ಅವನ ಅಂಗೈಗೆ ಬಂದದ್ದು ನೀಲಿ ಬಣ್ಣ ಕುಡಿದ ಒದ್ದೆ ಕಾಗದದ ಮುದ್ದೆ. ಹೆಸರು ಯಾವುದರಲ್ಲೂ ಉಳಿದಿರಲಿಲ್ಲ.

ಮರುದಿನ ಪುಸ್ತಕಗಳ ಗಂಟು ಹೊತ್ತು ಲೋಕಲ್ ರೈಲಿನಲ್ಲಿ ತಳೇಗಾಂವಕ್ಕೆ ಹೋದ. ಮೋಹನದಾಸರ ಹೆಂಡತಿ ಅಕ್ಕು ಬಾಗಿಲು ತೆಗೆದರು.

"ಆಯ್ತಾ ಪುಸ್ತಕ? ಇವರು ಬೆಳಿಗ್ಗೆಯಿಂದ ಕೇಳ್ತಾನೇ ಇದ್ದಾರೆ."

"ಅಕ್ಕಾರ, ಅಂಚು ಕತ್ತರಿಸಿಬಿಟ್ಟೇನ್ರೀ. ಸಹಿ ಹೋದ್ವು."

ಅಕ್ಕು ಗೋಡೆಗೆ ಕೈಯಾನಿಸಿ ನಿಂತರು. "ಎಂತ ಮಾಡಿದಿರಿ ಶಿವಪುತ್ರಪ್ಪ! ಅವರ ಕೈ ಇನ್ನು ಎಲ್ಲಿಂದ ತರುದು?"

ಮಂಚದ ಮೇಲಿಂದ ಮೋಹನದಾಸರು ಏನೋ ತೊದಲಿದರು. ಎಡಗೈ ಚಾಚಿದರು. ಅಕ್ಕು ಪೆನ್ನು ಹಿಡಿಸಿದರು. ಶಿವಪುತ್ರಪ್ಪ ಮೊಣಕಾಲೂರಿ ಪುಸ್ತಕವನ್ನು ಅದುರದಂತೆ ಒತ್ತಿ ಹಿಡಿದ. ಪೆನ್ನು ಹಾಳೆಯ ನಡುವಿನಿಂದ ಹೊರಟು, ಎಳೆದುಕೊಂಡು, ಅಂಚು ದಾಟಿ ಹಾಸಿಗೆಯ ಮೇಲೂ ಗೀರಿತು. ಅಕ್ಷರ ಒಂದೂ ಮೂಡಲಿಲ್ಲ. ಎರಡನೇ ಪುಸ್ತಕ ತೆರೆದಾಗ ಕೈ ಏಳಲೇ ಇಲ್ಲ. ಮುದುಕರ ಕಣ್ಣಿಂದ ನೀರಿಳಿದು ಕಿವಿಗೆ ಹೋಯಿತು.

"ಸಾಕು," ಎಂದು ಅಕ್ಕು ಪೆನ್ನು ಬಿಡಿಸಿಕೊಂಡರು. ಗೀರಿದ್ದ ಆ ಒಂದು ಪುಸ್ತಕವನ್ನು ತಲೆದಿಂಬಿನ ಪಕ್ಕ ಇಟ್ಟರು.

"ಮುಂಗಡದ ಋಣ ನನ್ನ ಮ್ಯಾಲ ಇರ್ತದ್ರೀ ಅಕ್ಕಾರ," ಎಂದ ಶಿವಪುತ್ರಪ್ಪ. ಹೋಗಲಿ ಬಿಡಿ ಎನ್ನುತ್ತಾರೇನೋ ಎಂದು ಕಾದ.

"ಇರ್ತದೆ," ಎಂದರು ಅಕ್ಕು.

ಅವನು ಗಂಟು ಕಟ್ಟಿ ಹೆಗಲಿಗೇರಿಸಿದ.