ಪೆಟ್ವೇ ಮೇಷ್ಟ್ರ ಕಿವಿಯ ಅಳತೆ

ನನ್ನ ಬಾಯಿ ಸ್ವಲ್ಪ ಜೋರು. ಅದಕ್ಕೇ ಇರಬೇಕು, ಅಮೆರಿಕದ ನಾರ್ತ್‌ವಿಲ್ ಕಡೆಯ ಈ ಶಾಲೆಯವರು ನನಗೆ ಮಧ್ಯಾಹ್ನ ಊಟದ ಹಾಲ್ ಕಾಯೋ ಕೆಲಸ ಕೊಟ್ಟರು. ಉಳಿದ ಹೊತ್ತು ನಾಲ್ಕನೇ ಕ್ಲಾಸಿನ ಪೆಟ್ವೇ ಮೇಷ್ಟ್ರಿಗೆ ಸಹಾಯಕಿ. ಅವರು ಡೆಟ್ರಾಯ್ಟ್‌ನಿಂದ ದಿನಾ ಮೂವತ್ತು ಮೈಲಿ ಡ್ರೈವ್ ಮಾಡಿಕೊಂಡು ಬರ್ತಾರೆ. ಆರಡಿ ಮೂರಿಂಚು ಎತ್ತರ, ಇಡೀ ಶಾಲೆಗೆ ಒಬ್ಬರೇ ಬ್ಲ್ಯಾಕ್ ಮೇಷ್ಟ್ರು. ಲೆಕ್ಕ ಹೊಳೆದ ಮಗುವಿನ ಮುಖ ಅರಳಿತೋ, ಆ ಮಗುವಿಗಿಂತ ಜೋರಾಗಿ ಇವರೇ ಚಪ್ಪಾಳೆ ತಟ್ಟೋರು.

ಆದರೆ ತಟ್ಟೋಕೆ ಬಿಟ್ಟರೆ ತಾನೇ? ಯಾವ ಕ್ಲಾಸಿನಲ್ಲಿ ಯಾವ ಮಗು ಕಿತಾಪತಿ ಮಾಡಲಿ, ಸೀದಾ ಇವರ ಬಾಗಿಲಿಗೆ ಕಳಿಸೋರು. "ಮಿಸ್ಟರ್ ಪೆಟ್ವೇ, ಇವನಿಗೆ ಸ್ವಲ್ಪ ಬುದ್ಧಿ ಹೇಳಿ." ಪಾಠ ಅರ್ಧಕ್ಕೆ ನಿಲ್ಲಿಸಿ ಹೊರಗೆ ಹೋಗಬೇಕು. ವಾಪಸ್ ಬರೋಷ್ಟರಲ್ಲಿ ನಮ್ಮ ಕ್ಲಾಸು ಸಂತೆ. ಬೇರೆ ಟೀಚರುಗಳ ಮೇಲೆ ನನಗೆ ಮೈಯೆಲ್ಲಾ ಉರಿಯೋದು. ಇವರೇನು ಮೇಷ್ಟ್ರೋ, ಪೊಲೀಸೋ?

ಈ ಮಾರ್ಚಿನಲ್ಲಿ ಸಿಯಾ ಹೊಸದಾಗಿ ಸೇರಿದಳು, ನಮ್ಮ ಮೈಸೂರಿನ ರೇಣು ಮಗಳು. ಎರಡು ವಾರವಾದರೂ ತುಟಿ ಪಿಟಕ್ಕೆನ್ನಲಿಲ್ಲ. ಸೋಮವಾರ ಮೇಷ್ಟ್ರು ಅವಳ ಪಕ್ಕ ಬಗ್ಗಿ ಲೆಕ್ಕ ನೋಡೋಕೆ ಹೋದರು. ಮಗು ಗಳಗಳ ಅತ್ತುಬಿಟ್ಟಿತು. "ಐ ಫಿನಿಶ್ಡ್ ಮೈ ಲಂಚ್!"

ಊಟದ ಹಾಲ್‌ನಲ್ಲಿ ದಿನಾ ಹೆದರಿಸುತ್ತಿದ್ದವಳು ನಾನೇ. "ಬೇಗ ತಿನ್ನು, ಇಲ್ದಿದ್ರೆ ಪೆಟ್ವೇ ಮೇಷ್ಟ್ರಿಗೆ ಹೇಳ್ತೀನಿ ನೋಡು!" ನಮ್ಮಮ್ಮ ನನಗೆ ಗುಮ್ಮ ಬರ್ತಾನೆ ಅಂತ ತುತ್ತು ಇಟ್ಟ ಹಾಗೆ. ನಮ್ಮ ಮನೆಗಳಲ್ಲಿ ಹೆದರಿಸದೆ ಉಣಿಸಿದವರು ಯಾರಿದ್ದಾರೆ? ಹಿಂದೆಮುಂದೆ ಯೋಚಿಸದೆ ಬಾಯಿಗೆ ಬಂದಿತ್ತು.

ಮಕ್ಕಳು ಆಟಕ್ಕೆ ಹೋದಮೇಲೆ ಮೇಷ್ಟ್ರ ಮುಂದೆ ಒಪ್ಪಿಕೊಂಡೆ. "ನೀವೂನಾ, ಮಿಸ್ ಅಂಬುಜಾ?" ಅಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಒಂದು ಪತ್ರ ತೋರಿಸಿದರು. ಬರೋ ವರ್ಷದಿಂದ ಇಡೀ ಶಾಲೆಯ ಶಿಸ್ತು ನೋಡಿಕೊಳ್ಳಿ ಅಂತ ಪ್ರಿನ್ಸಿಪಾಲ್ ಕೇಳಿದ್ದರು. ದೊಡ್ಡ ಹುದ್ದೆ, ಆದರೆ ಕ್ಲಾಸು ಇಲ್ಲ. ಶುಕ್ರವಾರ ಉತ್ತರ ಕೊಡಬೇಕು.

"ಹನ್ನೊಂದು ವರ್ಷ ಆಯ್ತು. ಹೆದರಿಸೋಕೆ ಎಲ್ಲರಿಗೂ ನಾನು ಬೇಕು. ಭಿನ್ನರಾಶಿ ಚೆನ್ನಾಗಿ ಕಲಿಸ್ತೀರಿ ಅಂತ ಒಬ್ಬರೂ ಹೇಳಿಲ್ಲ. ಒಂದು ಪಾಠ ಪೂರ್ತಿ ಮಾಡೋಕೆ ಆಗದಿದ್ದರೆ ಈ ಕ್ಲಾಸಲ್ಲಿದ್ದು ಏನು ಮಾಡಲಿ?"

ಮಂಗಳವಾರದಿಂದ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತೆ. ಯಾರು ಮಗುವನ್ನು ಕಳಿಸಿದರೂ, "ಮೇಷ್ಟ್ರು ಪಾಠ ಮಾಡ್ತಿದಾರೆ" ಅಂತ ಹೇಳಿ ನಾನೇ ಕೈಹಿಡಿದು ಆಫೀಸಿಗೆ ಬಿಟ್ಟುಬಂದೆ. ಇಬ್ಬರು ಟೀಚರುಗಳು ಮಾತು ಬಿಟ್ಟರು. ಬಿಡಲಿ, ನನಗೇನಂತೆ! ಸಿಯಾಗೂ ಹೇಳಿದೆ, "ತಪ್ಪು ನಂದು ಪುಟ್ಟಿ. ಆಂಟಿ ಸುಮ್ಮನೆ ಹೆದರಿಸಿದೆ." ಅವಳು ನಂಬಿದ ಹಾಗೆ ಕಾಣಲಿಲ್ಲ.

ಶುಕ್ರವಾರ ಯಾರೂ ಬರಲಿಲ್ಲ. ಕುರ್ಚಿ ಒಳಗೆ ಎಳೆದುಕೊಂಡೆ. ಮೇಷ್ಟ್ರ ಅಪ್ಪ ಕಾರ್ ಫ್ಯಾಕ್ಟರಿಯಲ್ಲಿ ಬಳಸುತ್ತಿದ್ದ ಉಕ್ಕಿನ ಟೇಪು ಅವತ್ತು ಕ್ಲಾಸಿಗೆ ಬಂದಿತ್ತು. ಅರ್ಧ ಇಂಚು, ಕಾಲು ಇಂಚು, ಇಂಚಿನ ಎಂಟನೇ ಒಂದು ಪಾಲು. ಮಕ್ಕಳು ಡೆಸ್ಕು, ಮೂಗು, ಶೂ ಏನನ್ನೂ ಬಿಡದೆ ಅಳೆದರು. ಮೇಷ್ಟ್ರು ನೆಲದ ಮೇಲೆ ಮಂಡಿಯೂರಿ, "ನನ್ನ ಕಿವಿ ಯಾರು ಅಳೀತೀರಿ?" ಅಂದರು.

ಸಿಯಾ ಎದ್ದಳು.

ಮೆಲ್ಲಗೆ ಹೋಗಿ ಕಿವಿ ಹಿಡಿದಳು. ಕಚಗುಳಿಯಾಯಿತೇನೋ, ಮೇಷ್ಟ್ರು ನಕ್ಕರು. "ಡೋಂಟ್ ಮೂವ್!" ಅಂತ ಗದರಿದಳು ನೋಡಿ! ಕ್ಲಾಸೆಲ್ಲ ಗೊಳ್ಳೆಂದಿತು. "ಟೂ ಅಂಡ್ ಫೈವ್ ಏಟ್ತ್ಸ್," ಅಂದಳು. ಎರಡು ಇಂಚು, ಅದರ ಮೇಲೆ ಎಂಟರಲ್ಲಿ ಐದು ಪಾಲು. ಸರಿಯಾಗಿತ್ತು! ಮೇಷ್ಟ್ರು ಕೂತಲ್ಲೇ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಪ್ರಿನ್ಸಿಪಾಲ್ ಒಳಗೆ ಬಂದರು. "ಮಿಸ್ಟರ್ ಪೆಟ್ವೇ, ಏನು ತೀರ್ಮಾನ ಮಾಡಿದಿರಿ?"

ಸಿಯಾ ಆಗಲೇ ಇನ್ನೊಂದು ಕಿವಿ ಹಿಡಿದಿದ್ದಳು. ಮೇಷ್ಟ್ರು ಏಳಲಿಲ್ಲ. "ಆ ಕೆಲಸ ಬೇಡ ಮೇಡಂ. ನಾನು ಪಾಠ ಮಾಡ್ತೀನಿ."

"ನೋ ಟಾಕಿಂಗ್!" ಅಂದಳು ಸಿಯಾ.

ಮೇಷ್ಟ್ರು ತಕ್ಷಣ ಸುಮ್ಮನಾದರು. ಪ್ರಿನ್ಸಿಪಾಲೂ ನಕ್ಕುಬಿಟ್ಟರು. ನನಗೆ ಕಣ್ಣು ತುಂಬಿ ಬಂತು. ನಾನು ಹೆದರಿಸಿಟ್ಟಿದ್ದ ಮಗುವಿನ ಕೈಗೇ ಕಿವಿ ಕೊಟ್ಟು ಕೂತ ಪುಣ್ಯಾತ್ಮ. ಇವರ ಕ್ಲಾಸಿನಲ್ಲಿ ನನಗೊಂದು ಕುರ್ಚಿ ಸಿಕ್ಕಿತಲ್ಲಾ ಅಂತ ಅಲ್ಲೇ ಮನಸ್ಸಿನಲ್ಲಿ ಕೈ ಮುಗಿದೆ.