ರೈಲುದಾರಿಗೆ ಕಟ್ಟಿದ ಸೊಪ್ಪು

ಯಾವ ಬಿಳಿ ಅಂಗಿಯವನು ಬಾಯಿತುಂಬ ನಕ್ಕರೂ ಸೀತಕ್ಕ ಮೊದಲು ಮನೆಗೆ ಹೋಗಿ ಕೋಳಿಗೂಡಿನ ಬಾಗಿಲು ಭದ್ರವಿದೆಯೇ ಎಂದು ನೋಡುತ್ತಿದ್ದಳು. ಎಪ್ಪತ್ತೆಂಟರ ಬೇಸಿಗೆಯಲ್ಲಿ ಷಡಕ್ಷರಿ ಎಂಬ ಕಂಪನಿ ಏಜೆಂಟ್ ಜೀಪಿನಲ್ಲಿ ಕಾಡಂಚಿನ ಹಸಲರ ಹಾಡಿಗೆ ಬಂದು ನಕ್ಕಾಗಲೂ ಅವಳಿಗೆ ಹಾಗೇ ಆಯಿತು.

ನರಸಿಂಹರಾಜಪುರದ ಕಡೆಯ ಹಳೇ ರೈಲುದಾರಿ ಹಾಡಿಯ ನಡುವೆಯೇ ಹಾದುಹೋಗಿತ್ತು. ರೈಲು ನಿಂತು, ಕಂಬಿ ಕಿತ್ತ ಮೇಲೆ ಜಾಗವೆಲ್ಲ ಹಾಡಿಯವರ ಹೆಸರಿಗೆ ಪಟ್ಟಾ ಆಗಿತ್ತು. ದಿಬ್ಬದ ಎರಡೂ ಬದಿಗೆ ಬೆಲೆಬಾಳುವ ಭಾರಿ ಬೀಟೆಮರಗಳು ನಿಂತಿದ್ದವು.

"ಕಂಪನಿಯವರು ಮತ್ತೆ ರೈಲು ಬಿಡ್ತಾರೆ. ಅಡಿಕೆ, ಕಾಫಿ ಎಲ್ಲ ಇದರಲ್ಲೇ ಹೋಗ್ತದೆ. ಹೋದ ಮೂಟೆಗೆಲ್ಲ ನಿಮಗೆ ಪಾಲು" ಎಂದ ಷಡಕ್ಷರಿ. "ದಾರಿ ಸವರಲಿಕ್ಕೆ ಬಿಡಿ, ಸಾಕು. ನಿಮ್ಮ ಪದ್ಧತಿ ನಂಗೂ ಗೊತ್ತು. ಸೊಪ್ಪು ಕಟ್ಟಿದ ಮರ ಮುಟ್ಟೋದಿಲ್ಲ."

ಹಾಡಿಯ ಯಜಮಾನ ವಾಸಪ್ಪ, ಸೀತಕ್ಕನ ಸ್ವಂತ ಅಣ್ಣ, ಹಿಗ್ಗಿ ಹೀರೇಕಾಯಿಯಾದ. ಪಟ್ಟಣದವನು ನಮ್ಮ ಪದ್ಧತಿಗೆ ಮರ್ಯಾದೆ ಕೊಟ್ಟನಲ್ಲ! ಆಯಾ ವರ್ಷ ಜೇನನ್ನೋ ಸೀಗೆಯನ್ನೋ ಯಾವ ಮರದಿಂದ ಇಳಿಸಬೇಕೋ ಅದಕ್ಕೆ ಒಂದು ಹಿಡಿ ಸೊಪ್ಪು ಕಟ್ಟುವುದು ಹಾಡಿಯ ಪದ್ಧತಿ. ಬೇರೆಯವರು ಆ ಮರ ಮುಟ್ಟುವುದಿಲ್ಲ; ಕಟ್ಟಿದವರೇ ಬಿಚ್ಚಬೇಕು. ತಾನು ಉಣ್ಣದ ಮರಕ್ಕೆ ಕಟ್ಟಿದರೆ ಅದು ಕಾಡುದೇವತೆ ಚೌಡಿಯ ಮುಂದೆ ಹೇಳಿದ ಸುಳ್ಳು. ಬೀಟೆಮರದಿಂದ ಯಾರು ಏನು ಉಣ್ಣುತ್ತಾರೆ?

ಸೀತಕ್ಕನಿಗೆ ನಂಬಿಕೆ ಬರಲಿಲ್ಲ. ಪೇಟೆಗೆ ಹೋಗಿ, ತನ್ನ ಜೇನು ಕೊಳ್ಳುವ ಅಬ್ದುಲ್ ವಹಾಬರನ್ನು ಕೇಳಿದಳು. ಅವರಿಗೆ ಅಡಿಕೆ ವ್ಯಾಪಾರವೂ ಇತ್ತು.

"ಸಾಹೇಬ್ರೇ, ರೈಲು ಬಂದ್ರೆ ಅಡಿಕೆ ಅದಕ್ಕೆ ಹಾಕ್ತೀರಾ?"

"ಎಂತಕ್ಕೆ ಮಾರಾಯ್ತಿ? ಲಾರಿ ಅಂಗಡಿ ಬಾಗ್ಲಿಗೇ ಬರ್ತದೆ. ರೈಲಿಗೆ ಹೇರಿ, ಹಿನ್ನೀರಿನ ಹತ್ರ ಇಳಿಸಿ, ಮತ್ತೆ ಲಾರಿಗೆ ಹೇರೋದಾ? ಆ ದಾರಿ ಮುಂದೆ ಭದ್ರಾ ಡ್ಯಾಮಿನ ನೀರಲ್ಲಿ ಮುಳುಗಿದೆಯಲ್ಲ!"

ಅಣ್ಣನಿಗೆ ಹೇಳಿದಳು. "ನಿಂಗೆ ನೆರಳು ಕಂಡ್ರೂ ಅನುಮಾನ" ಎಂದು ಅವನು ಗದರಿದ. ಹಾಡಿಯವರು ತಮತಮಗೆ ಬೇಕಾದ ಮರಗಳಿಗೆ ಪ್ರಾಮಾಣಿಕವಾಗಿ ಸೊಪ್ಪು ಕಟ್ಟಿ ಬಂದರು. ಬೀಟೆಗೆ ಒಬ್ಬರೂ ಕಟ್ಟಲಿಲ್ಲ. ಇಂಥ ಪ್ರಾಮಾಣಿಕತೆಗೆ ಏನೆನ್ನುವುದು!

ಕೊಡಲಿಯವರು ಬಂದ ದಿನ ಬೀಟೆಮರಗಳ ಸೊಂಟದಲ್ಲೆಲ್ಲ ಹಸಿ ಸೊಪ್ಪು ತೂಗುತ್ತಿತ್ತು. ಕಟ್ಟಿದ ಸೀತಕ್ಕ ಮುಂದೆ ನಿಂತಿದ್ದಳು.

"ಇಷ್ಟೂ ಮರದಿಂದ ನೀ ಉಣ್ತೀಯಾ?" ವಾಸಪ್ಪ ಕೇಳಿದ.

"ಉಣ್ತೇನೆ."

ಹಾಡಿಗೆ ಹಾಡಿಯೇ ತಲೆ ತಗ್ಗಿಸಿತು. ಷಡಕ್ಷರಿ, "ಬಿಚ್ಚಿಸಿ ಯಜಮಾನ್ರೇ" ಎಂದ.

ವಾಸಪ್ಪ ತಂಗಿಯ ಮುಖ ನೋಡದೆ ಹೇಳಿದ: "ಕಟ್ಟಿದವಳೇ ಬಿಚ್ಚಬೇಕು. ನಂಗೂ ಅಧಿಕಾರ ಇಲ್ಲ."

"ರೈಲು ಬೇಡ ಅಂತ ನಾ ಹೇಳಿಲ್ಲ. ದಿಬ್ಬದ ಕೆಳಗೆ ನಾ ರಾಗಿ ಬೆಳೆಯೋ ಹಕ್ಕಲು ಉದ್ದಕ್ಕೂ ಇದೆ. ಅಲ್ಲಿ ಮರದ ಅಡ್ಡಿಯೇ ಇಲ್ಲ. ಪುಕ್ಕಟೆ ಕೊಡ್ತೇನೆ, ಅಲ್ಲೇ ಕಂಬಿ ಹಾಕಿ" ಎಂದಳು ಸೀತಕ್ಕ.

ಷಡಕ್ಷರಿಯ ನಗು ಮಾಯವಾಯಿತು. ಹಕ್ಕಲಿನ ಕಡೆ ತಿರುಗಿಯೂ ನೋಡದೆ ಜೀಪು ಹತ್ತಿದ. ಆಮೇಲೆ ಜೀಪೂ ಬರಲಿಲ್ಲ, ರೈಲೂ ಬರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಯಾವುದು ಎಂದು ಹಾಡಿಯ ಕೂಸಿಗೂ ತಿಳಿಯಿತು.

ಗೆದ್ದವಳನ್ನು ಅಣ್ಣ ಬಂದು ಮಾತಾಡಿಸುತ್ತಾನೆಂದು ಸೀತಕ್ಕ ಕಾದಳು. ಅವನು ಬಂದದ್ದು ಮುಂದಿನ ಜೇನಿನ ಕಾಲಕ್ಕೆ. ಅಂಗಳದಲ್ಲೇ ನಿಂತ.

"ಮರ ಉಳಿಸಿದೆ ಸೀತಾ, ಇಲ್ಲ ಅನ್ನೋದಿಲ್ಲ. ಆದ್ರೆ ಈ ಸಲ ನೀ ಯಾವ ಮರಕ್ಕೂ ಕಟ್ಟಬೇಡ. ನೀ ಕಟ್ಟಿದ್ದು ನಿಜವೋ ಸುಳ್ಳೋ ಅಂತ ಎಲ್ರಿಗೂ ಅನುಮಾನ." ಹೊರಡಲು ತಿರುಗಿ ಹೇಳಿದ: "ನಂಗೂ."