ತಿಮ್ಮರಾಜು ಬಿಟ್ಟುಕೊಟ್ಟ ಪಾಳಿ

ಶೀಳನೆರೆ ಹೋಬಳಿಯ ಆ ಊರಿನಲ್ಲಿ ಯಾವ ಸುದ್ದಿಯಾದರೂ ಮೊದಲು ಹುಟ್ಟುವುದು ಹಾಲಿನ ಡೈರಿ ಮುಂದೆ. ಹಾಲಿಗೆ ನೀರು ಬೆರೆಸಿದರೆ ಹಿಡಿಯಲು ಅಲ್ಲಿ ಯಂತ್ರವಿದೆ. ಸುದ್ದಿಗೆ ಏನೇನು ಬೆರೆತಿದೆ ಎಂದು ಹಿಡಿಯಲು ಯಾವ ಯಂತ್ರವೂ ಇಲ್ಲ.

ಅವತ್ತು ಬೆಳಗ್ಗೆ ಪುಟ್ಟಸ್ವಾಮಿ ಮೊಬೈಲು ಎತ್ತಿ ಹಿಡಿದು ಸಾಲಿನಲ್ಲಿದ್ದವರಿಗೆಲ್ಲ ಯಾರದೋ ದನಿ ಕೇಳಿಸುತ್ತಿದ್ದ.

"ಕೇಳುಸ್ಕಂಡ್ರಾ? ಯಾಪಾರ ಎಲ್ಲಾ ಬಿದ್ದೋಗದಂತೆ. ಸರ್ಕಾರದ ಬೊಕ್ಕಸ ಖಾಲಿಯಂತೆ. ಮುಂದಿನ ತಿಂಗಳಿಂದ ಆಸ್ಪತ್ರೇಲಿ ಡಯಾಲಿಸಿಸ್ ಮಿಸಿನ್ನೂ ನಿಲ್ತದಂತೆ!"

ಸಾಲಿನಲ್ಲಿ ಹಾಲಿನ ಕ್ಯಾನು ಹಿಡಿದು ಮಂಚಮ್ಮನೂ ನಿಂತಿದ್ದಳು. ಅವಳ ಗಂಡ ತಿಮ್ಮರಾಜುವಿನ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ವಾರಕ್ಕೆ ಎರಡು ಸಲ ಕೆ.ಆರ್. ಪೇಟೆಯ ಸರ್ಕಾರಿ ಆಸ್ಪತ್ರೆಯ ಆ ಮಿಷಿನ್ನಿನಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡರೆ ಮಾತ್ರ ಅವನು ಬದುಕುವುದು. ಹಾಲು ಹಾಕಿದ್ದೇ ತಡ, ಖಾಲಿ ಕ್ಯಾನು ಹಿಡಿದು ಅವಳು ಮನೆಗೆ ಓಡಿದಳು.

ಬಸ್ಸಿಗೆ ಹೊರಡಬೇಕಾದ ತಿಮ್ಮರಾಜು ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಮುಖ ಊದಿತ್ತು. ಒಂದೊಂದು ಉಸಿರನ್ನೂ ಎಳೆದೆಳೆದು ಬಿಡುತ್ತಿದ್ದ.

"ಎದ್ದೇಳಿ, ಬಸ್ಸು ಬತ್ತದೆ."

"ಇವತ್ತು ಓಗಕಿಲ್ಲ ಕಣಮ್ಮಿ. ಮೊನ್ನೇನೂ ಓಗ್ನಿಲ್ಲ. ಶೀಳನೆರೇಲೇ ಇಳ್ದು ಕುಂತಿದ್ದು ಬಂದ್ಬುಟ್ಟೆ."

"ಅಯ್ಯೋ, ಯಾಕೆ?"

"ಮಿಸಿನ್ನು ನಿಲ್ತದಂತ ಪುಟ್ಟಸ್ವಾಮಿ ವಾರದಿಂದ ನಂಗೇಳ್ತಾವ್ನೆ. ಮಿಸಿನ್ನು ಒಂದೇ ಸಲಕ್ಕೆ ನಿಂತ್ರೆ ತಡೆಯಕಾಯ್ತದಾ? ಈಗಿಂದ್ಲೇ ಮೈ ಒಗ್ಗುಸ್ಕಬೇಕು. ನಾಲೆ ನೀರ್ನಾಗೆ ನಮ್ ಪಾಳಿ ಪಕ್ಕದೋರಿಗೆ ಬುಟ್ಕೊಟ್ರೆ ಆಮ್ಯಾಕೆ ತಿರುಗಿ ಕೊಡಕಿಲ್ವಾ? ಇದೂ ಅಂಗೇಯ. ಈಗ ಬುಟ್ಟಿದ್ದು ಕಷ್ಟಕಾಲಕ್ಕೆ ಸಿಕ್ತದೆ."

ಗದ್ದೆ ಬೇಸಾಯ ಮಾಡಿದವನ ಲೆಕ್ಕ ಅದು. ನೀರಿನ ಮಟ್ಟಿಗೆ ಸರಿಯಾದ ಲೆಕ್ಕವೇ. ಮಂಚಮ್ಮ ಧನುಶ್ರೀಗೆ ಫೋನು ಮಾಡಿದಳು.

ಧನುಶ್ರೀ ತಿಮ್ಮರಾಜುವಿನ ಅಕ್ಕನ ಮಗಳು. ಹಿಂದಿನ ಬೀದಿಯಲ್ಲೇ ಮನೆ, ಕೆ.ಆರ್. ಪೇಟೆಯ ಖಜಾನೆ ಕಚೇರಿಯಲ್ಲಿ ಕೆಲಸ. ಸ್ಕೂಟರು ನಿಲ್ಲಿಸಿ ಬಂದವಳು ಮಾವನ ಮುಖ ನೋಡಿದ ತಕ್ಷಣ ೧೦೮ಕ್ಕೆ ಕರೆ ಮಾಡಿದಳು. ಆಂಬುಲೆನ್ಸಿನಲ್ಲಿ ದಾರಿಯುದ್ದಕ್ಕೂ ತಿಮ್ಮರಾಜು ಹೆಂಡತಿಯ ಸೆರಗು ಬಿಡಲಿಲ್ಲ. ಪೇಟೆ ಹತ್ತಿರ ಬರುವಾಗ ಅವನ ಹಿಡಿತ ಸಡಿಲವಾಯಿತು. ಮಂಚಮ್ಮ "ರೀ, ರೀ" ಎಂದು ಅಲುಗಾಡಿಸುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಹೊರಗೆ ಬೆಂಚಿನ ಮೇಲೆ ಅತ್ತೆ, ಸೊಸೆ ಇಬ್ಬರೇ.

"ಧನು, ಸರ್ಕಾರದತ್ರ ನಿಜ್ವಾಗ್ಲೂ ದುಡ್ಡಿಲ್ವಾ? ನನ್ನಾಣೆ, ಮುಚ್ಚಿಡಬ್ಯಾಡ."

"ಈ ಮಿಸಿನ್ನು ನಿಲ್ಲುಸ್ತಾರೆ ಅನ್ನದು ಸುಳ್ಳು ಅತ್ತೆ. ಈಗ ಸಿಸ್ಟರ್‌ನ ಕೇಳ್ಕಂಡೇ ಬಂದೆ. ಆದ್ರೆ ಯಾಪಾರ ಬಿದ್ರೆ ಸರ್ಕಾರಕ್ಕೆ ಬರೋ ತೆರಿಗೆ ಬೀಳದು ನಿಜ. ಜನ ಗಾಡಿ ತಗಳಲ್ಲ, ಸೈಟು ರಿಜಿಸ್ಟ್ರಾಗಲ್ಲ, ಅಂಗಡೀಲಿ ಮಾರಾಟ ಇರಲ್ಲ. ಅದೇ ಟೈಮಲ್ಲಿ ಪ್ರೈವೇಟ್ ಆಸ್ಪತ್ರೆಗೋಗ್ತಿದ್ದೋರೂ ಇಲ್ಲಿಗೇ ಬತ್ತಾರೆ. ಆದಾಯ ಕಮ್ಮಿ, ಖರ್ಚು ಜಾಸ್ತಿ."

"ನೋಟು ಅಚ್ಚಾಕಿಸ್ಕಳ್ಳಿ!"

"ರಾಜ್ಯ ಸರ್ಕಾರಕ್ಕೆ ಆ ಅಧಿಕಾರ ಇಲ್ಲ. ಸಾಲ ತರ್ಬೋದು, ಅದಕ್ಕೂ ಮಿತಿ ಅದೆ. ತಂದ್ರೆ ಬಡ್ಡಿ ಕಟ್ಬೇಕು. ಬಡ್ಡಿ, ಸಂಬಳ, ಪಿಂಚಣಿ ತಪ್ಸಂಗಿಲ್ಲ. ಅವೆಲ್ಲ ಕಳ್ದು ಉಳಿದಿದ್ರಲ್ಲೇ ಮಿಕ್ಕಿದ್ದೆಲ್ಲ ನಡೀಬೇಕು."

"ಅಂಗಾರೆ ನಮ್ ಕತೆ ಮುಗೀತು ಬುಡು." ಮಂಚಮ್ಮ ಬಾಗಿಲ ಕಡೆಯೇ ನೋಡುತ್ತಿದ್ದಳು. ಒಳಗಿನಿಂದ ಯಾರೂ ಬರಲಿಲ್ಲ.

"ಮುಗ್ಯಲ್ಲ ಅತ್ತೆ. ಒಳ್ಳೆ ವರ್ಷದಲ್ಲಿ ಬಂದಿದ್ದೆಲ್ಲ ಖರ್ಚು ಮಾಡ್ದೆ ಒಂದಷ್ಟು ಸಾಲ ಇಳುಸ್ಬೇಕು. ಒಂದಷ್ಟನ್ನ ಬ್ಯಾರೆ ನಿಧಿಲಿ ಎತ್ತಿಡ್ಬೇಕು. ಕೆಟ್ಟ ವರ್ಷ ಬಂದಾಗ ಹೊಸ ಕಟ್ಟಡ, ಕಮಾನು ಎಲ್ಲ ಮುಂದಕ್ಕಾಕ್ಬೋದು. ಮಾವನ ರಕ್ತ ಮುಂದಕ್ಕಾಕಕಾಯ್ತದಾ? ಯಾವುದು ಕಾಯ್ಬೋದು, ಯಾವುದು ಕಾಯಂಗಿಲ್ಲ ಅಂತ ಬಜೆಟ್ಟಲ್ಲಿ ಮುಂಚೇನೇ ಗೊತ್ತುಮಾಡ್ಕಂಡಿರ್ಬೇಕು."

"ಅವ್ರು ಅಂಗೆ ಮಾಡವ್ರಾ?"

ಧನುಶ್ರೀ ಅತ್ತೆಯ ಕಡೆ ತಿರುಗಿ ಕೂತಳು.

"ಕೇಳೋರು ಇದ್ರೆ ಮಾಡ್ತಾರೆ. ಹೋದ್ಸಲ ಶಾಸಕರು ಬಂದಾಗ ನಮ್ಮೂರೋರು ಏನ್ ಕೇಳಿದ್ರು, ಗ್ಯಾಪಕ ಅದಾ? ಊರಬಾಗ್ಲಿಗೆ ಕಮಾನು."

ಮಂಚಮ್ಮನಿಗೆ ಚೆನ್ನಾಗಿಯೇ ನೆನಪಿತ್ತು. ಅವತ್ತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವಳೇ.

ಮಧ್ಯಾಹ್ನ ಕಳೆದ ಮೇಲೆ ಸಿಸ್ಟರ್ ಹೊರಗೆ ಬಂದರು. "ಉಸಿರು ಸರಿಯಾಗ್ತಿದೆ ಕಣಮ್ಮ. ಇನ್ನೊಂದು ದಿನ ಬಿಟ್ಟಿದ್ರೆ ಹೃದಯ ನಿಂತೋಗ್ತಿತ್ತು. ಇದಕ್ಕೆಲ್ಲ ಮೈ ಒಗ್ಗೋದಿಲ್ಲ, ಅವ್ರಿಗೆ ತಿಳಿಸಿ ಹೇಳಿ" ಎಂದರು. ಮಂಚಮ್ಮ ಅಲ್ಲೇ ಗಟ್ಟಿಯಾಗಿ ಅತ್ತುಬಿಟ್ಟಳು.

ಒಳಗೆ ತಿಮ್ಮರಾಜು ಕಣ್ಣು ಬಿಟ್ಟಿದ್ದ. ತಪ್ಪು ಮಾಡಿದವನಂತೆ ಹೆಂಡತಿಯ ಮುಖ ನೋಡಿದ.

"ಸರ್ಕಾರಕ್ಕೂ ಒಂದೀಟು ಉಳೀಲಿ ಅಂತ..."

"ಉಳ್ಸದು ನಿಮ್ ಕೆಲ್ಸ ಅಲ್ಲ" ಎಂದಳು ಮಂಚಮ್ಮ. "ಉಳ್ಸೋರು ಬ್ಯಾರೆ ಅವ್ರೆ. ಅವ್ರನ್ನ ನಾನ್ ಕೇಳ್ತೀನಿ. ನೀವು ತಪ್ದಂಗೆ ಬಂದು ಇಲ್ಲಿ ಮಲೀಕಳಿ, ಅಷ್ಟೇಯ."

ಹಾಗೆಂದಳು ನಿಜ, ಆದರೆ ಅವಳ ಭಯ ಪೂರ್ತಿ ಹೋಗಿಲ್ಲ. ಬಸ್ಸಿಗೆ ಹೊರಡುವ ಪ್ರತಿ ಬೆಳಗ್ಗೆಯೂ ಆಸ್ಪತ್ರೆಯ ಬಾಗಿಲು ತೆರೆದಿರಲಪ್ಪ ಎಂದು ಕೈಮುಗಿದೇ ಹೊರಡುತ್ತಾಳೆ. ಈಚೆಗೆ ಗ್ರಾಮಸಭೆಯಲ್ಲೂ ಎದ್ದು ನಿಂತು ಮಾತಾಡುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ವ್ಯಾಪಾರ ಬೀಳುವ ವರ್ಷ ಮುಂದೆಯೂ ಬರುತ್ತದೆ, ಹೆದರಿಕೆ ಆಗುವುದು ಸಹಜ. ಆದರೆ ಮೊಬೈಲಿನ ಸುದ್ದಿ ನಂಬಿ ಚಿಕಿತ್ಸೆ, ಮಾತ್ರೆ, ಮಕ್ಕಳ ಲಸಿಕೆ ಯಾವುದನ್ನೂ ಬಿಡಬೇಡಿ. ಮೊದಲು ಆಸ್ಪತ್ರೆಯಲ್ಲಿ ವಿಚಾರಿಸಿ. ನಿಮ್ಮ ಶಾಸಕರು ಊರಿಗೆ ಬಂದಾಗ ಎದ್ದು ನಿಂತು ಕೇಳಿ: ಕೆಟ್ಟ ವರ್ಷಕ್ಕೆಂದು ಏನು ಎತ್ತಿಟ್ಟಿದ್ದೀರಿ? ಕೈ ಬಿಗಿ ಹಿಡಿಯಬೇಕಾದಾಗ ಯಾವುದನ್ನು ನಿಲ್ಲಿಸುತ್ತೀರಿ, ಯಾವುದನ್ನು ಏನೇ ಆದರೂ ನಿಲ್ಲಿಸುವುದಿಲ್ಲ? ಎಲ್ಲವೂ ಚೆನ್ನಾಗಿರುವ ವರ್ಷದಲ್ಲೇ ಕೇಳಿ. ಉಸಿರು ಸಿಕ್ಕಿಕೊಂಡ ಮೇಲೆ ಕೇಳಲು ದನಿಯೇ ಇರುವುದಿಲ್ಲ.